ಕಂಡಕ್ಟರ್ ದಾಕ್ಷಾಯಣಿಯ ಕೂಡಿಕೊಂಡ ಕಿಡ್ನಿಗಳು

ತುಮಕೂರಿನಿಂದ ಕುಣಿಗಲ್ ಮೇಲೆ ಯಡಿಯೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ದಾಕ್ಷಾಯಣಿಗೆ ನೋವಿಗಿಂತ ಹೆಚ್ಚು ಸಿಟ್ಟು ತರಿಸುತ್ತಿದ್ದದ್ದು ಜನರ ಬುದ್ಧಿಮಾತು. ಕಿಡ್ನಿಯಲ್ಲಿ ಕಲ್ಲು ಎಂದು ಗೊತ್ತಾದದ್ದೇ ತಡ, ಡ್ರೈವರು, ಪ್ಯಾಸೆಂಜರುಗಳು, ಗುಬ್ಬಿಯ ಮನೆಯಲ್ಲಿ ಅತ್ತೆ ಎಲ್ಲರದೂ ಒಂದೇ ರಾಗ: ಡ್ಯೂಟಿಯಲ್ಲಿ ನೀರು ಕುಡಿಯುವುದಿಲ್ಲ, ಅದಕ್ಕೇ ಹೀಗಾಗಿದೆ. ಅವಳು ಕುಡಿಯುತ್ತಿದ್ದಳು. ಟಿಕೆಟ್ ಮೆಷಿನ್ನಿನ ಜೊತೆ ದೊಡ್ಡ ನೀರಿನ ಬಾಟಲಿಯನ್ನೂ ಹೊತ್ತು ತಿರುಗುತ್ತಿದ್ದಳು. ಅತ್ತೆ ಹಿಂಡಿಕೊಟ್ಟ ಬಾಳೆದಿಂಡಿನ ರಸವನ್ನೂ ಮೂಗು ಹಿಡಿದು ನುಂಗಿದ್ದಳು.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಹೊರಗಿನಿಂದಲೇ ಕಂಪನದ ಅಲೆಗಳ ಶಾಕ್ ಕೊಟ್ಟು ಕಲ್ಲನ್ನು ಒಡೆದರು. ಚೂರುಗಳು ಮೂತ್ರದಲ್ಲಿ ತಾವೇ ಹೋಗುತ್ತವೆ ಎಂದರು. ಹೋಗಲಿಲ್ಲ. ಒಂದು ದಿನ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ನೋವು ತಡೆಯಲಾರದೆ ಬಸ್ಸಿನ ಮೆಟ್ಟಿಲ ಮೇಲೇ ಮುದುಡಿ ಕೂತಳು. ಮತ್ತೆ ಶಾಕ್ ಕೊಟ್ಟರು. ಚೂರುಗಳು ಮತ್ತೆ ಅಲ್ಲೇ ಉಳಿದವು.

ಕೊನೆಗೆ ಗಂಡ ಸಂಗಮೇಶ್ ಹಿರೇಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿ, ತುಮಕೂರಿನ ಬೇರೊಂದು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಸರ್ಜನ್ ಅಂಜನ್‌ಕುಮಾರ್ ಸಿ.ಟಿ. ಸ್ಕ್ಯಾನ್ ಮಾಡಿಸಿ, ಕಂಪ್ಯೂಟರ್ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಬೇರೆಬೇರೆ ಇರಬೇಕಾದ ಎರಡು ಕಿಡ್ನಿಗಳು ಕೆಳಗಡೆ ಕೂಡಿಕೊಂಡು ಕುದುರೆಲಾಳದಂತಾಗಿದ್ದವು. ಹುಟ್ಟಿನಿಂದಲೇ ಹಾಗೆ. ಮೂತ್ರದ ನಾಳ ಆ ಬೆಸುಗೆಯ ಮೇಲೆ ಹಾದು ಇಳಿಯಬೇಕಾದ್ದರಿಂದ ಚೂರುಗಳು ಸಲೀಸಾಗಿ ಜಾರುತ್ತಿರಲಿಲ್ಲ.

"ನೀರು ಇನ್ನೂ ಜಾಸ್ತಿ ಕುಡಿದಿದ್ರೆ ಸಾರ್?" ಎಂದ ಸಂಗಮೇಶ್. ದಾಕ್ಷಾಯಣಿ ಅವನನ್ನು ದುರುಗುಟ್ಟಿ ನೋಡಿದಳು.

"ಕುಡೀಬೇಕು. ಆದ್ರೆ ಇದು ಇವರ ತಪ್ಪಲ್ಲ," ಎಂದರು ಡಾಕ್ಟರ್.

ಆ ಮಾತಿನಿಂದ ಅವಳಿಗೆ ಸಮಾಧಾನವಾಗಬೇಕಿತ್ತು, ಆದರೆ ಸಿಟ್ಟೇ ಬಂತು. "ಹಂಗಾದ್ರೆ ಎರಡು ಸಲ ಯಾಕ್ ಸಾರ್ ಶಾಕ್ ಕೊಡಿಸ್ಕೊಂಡೆ ನಾನು? ಆವಾಗ್ಲೂ ಸ್ಕ್ಯಾನ್ ಮಾಡಿದ್ರಲ್ಲ, ಕಾಣ್ಲಿಲ್ವಾ ಅವ್ರಿಗೆ?"

ಮಾಮೂಲಿ ಸ್ಕ್ಯಾನಿನಲ್ಲಿ ಕೆಲವೊಮ್ಮೆ ಗೊತ್ತಾಗುವುದಿಲ್ಲ ಎಂದು ಡಾಕ್ಟರ್ ಮೆಲ್ಲಗೆ ಹೇಳಿದರು.

ಅವಳನ್ನು ಬೋರಲು ಮಲಗಿಸಿ, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ, ಕಿಡ್ನಿಯ ಮೇಲ್ತುದಿಯಿಂದ ಒಳಹೊಕ್ಕು ಕಲ್ಲು ತೆಗೆದರು. ಎಚ್ಚರವಾದಾಗ ಬೆನ್ನಿಗೊಂದು ಪೈಪು, ಜೊತೆಗೊಂದು ಸುದ್ದಿ: ಕೆಳಮೂಲೆಯ ಚೂರೊಂದು ಕೈಗೆ ಸಿಕ್ಕಿಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಅತ್ತಳು. ಕೆಲವು ವಾರಗಳ ಮೇಲೆ ಮೂತ್ರದ ದಾರಿಯಿಂದಲೇ ಬಾಗುವ ನಳಿಗೆ ಕಳಿಸಿ, ಲೇಸರಿನಿಂದ ಅದನ್ನೂ ಪುಡಿ ಮಾಡಿ ತೆಗೆದರು.

ಈಗ ಕಲ್ಲಿಲ್ಲ. ಆದರೆ ಇಂಥ ಕಿಡ್ನಿಯಲ್ಲಿ ಮತ್ತೆ ಆಗಬಹುದು, ವರ್ಷಕ್ಕೊಮ್ಮೆ ತೋರಿಸಬೇಕು ಎಂದರು ಡಾಕ್ಟರ್. ಮತ್ತೆ ಕಲ್ಲಾದರೆ ಏನು ಮಾಡುವುದು ಎಂದು ಅವಳು ಕೇಳಿದಳು.

"ಆದ್ರೆ ತೆಗಿಯೋಣ."

ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಅವಳಿಗೆ ಮತ್ತೆ ರೇಗಿತು. ಆದರೂ ಹೊರಡುವ ಮುಂಚೆ, ಬರುವ ವರ್ಷ ಯಾವ ತಿಂಗಳು ರಜೆ ಹಾಕಲಿ ಎಂದು ಕೇಳಿಕೊಂಡೇ ಎದ್ದಳು.