ಶಂಕ್ರಮ್ಮ ಕಾಶಿಯಲ್ಲಿ ಬಿಟ್ಟದ್ದು

ಶಂಕ್ರಮ್ಮನ ಬಾಯಿಂದ ಒಮ್ಮೆಯಾದರೂ ಬೈಸಿಕೊಳ್ಳದವರನ್ನು ಮಸ್ಕಿಯಲ್ಲಿ ಯಾರೂ ಊರಿನವರೆಂದು ಒಪ್ಪುತ್ತಿರಲಿಲ್ಲ. ಬಸ್ಸು ನಿಲ್ಲುವ ಜಾಗದ ಎದುರಿಗೇ ತಗಡಿನ ಚಪ್ಪರದ ಅವಳ ಹೋಟೆಲ್ಲು. ಹೆಸರಿಲ್ಲ, ಬೋರ್ಡಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು ಅಲ್ಲಿ ಇಂಜಿನ್ ಆರಿಸಿದ್ದೇ ತಡ, ಬಾಣಲೆಯ ಹೊಗೆಯ ಹಿಂದಿನಿಂದ ದನಿ ಏಳುತ್ತಿತ್ತು.

"ಬಂದೇನೋ ಮೂಳಾ! ಇಷ್ಟೊತ್ತಿಗೆ ಬರ್ತೀಯಲ್ಲ, ಗಾಡೀಗೆ ಎತ್ತು ಹೂಡೀಯೇನು?"

ಡ್ರೈವರು ಹಲ್ಲು ಕಿರಿಯುತ್ತ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಅವನ ಮುಂದೆ ಮಂಡಾಳು ಒಗ್ಗರಣೆ, ಮಿರ್ಚಿ ಬಂದು ಬೀಳುತ್ತಿದ್ದವು. ಕಂಡಕ್ಟರನ ಪಾಲಿಗೆ ಬೇರೆಯೇ ಒಂದು ಬೈಗುಳ ಕಾದಿರುತ್ತಿತ್ತು. ಒಬ್ಬನನ್ನು ಬೈದ ಹಾಗೆ ಇನ್ನೊಬ್ಬನನ್ನು ಬೈದರೆ ಅದು ಅವಮಾನ ಎಂಬಂತೆ, ಒಬ್ಬೊಬ್ಬರಿಗೂ ಒಂದೊಂದನ್ನು ಹೊಸದಾಗಿ ಕರಿದು ಕೊಡುತ್ತಿದ್ದಳು.

ನಾನು ಮಸ್ಕಿಯ ಶಾಲೆಗೆ ಟೀಚರಾಗಿ ಬಂದದ್ದು ಎಂಬತ್ತರ ದಶಕದ ನಡುವೆ. ಅವಳ ಹೋಟೆಲ್ಲಿನ ಹಿಂದಿನ ಓಣಿಯಲ್ಲೇ ಕೋಣೆ ಸಿಕ್ಕಿತು. ಮೊದಮೊದಲು ನನಗೆ, "ಬರ್ರಿ ಟೀಚರ್, ಕುಂದರ್ರಿ" ಎಂಬ ಮರ್ಯಾದೆ. ಉಳಿದವರೆಲ್ಲ ಬೈಸಿಕೊಂಡು ನಗುವಾಗ ನನಗೊಬ್ಬಳಿಗೇ ಈ 'ರೀ' ಯಾಕೋ ಪರದೇಶಿಯ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಅವಸರದಲ್ಲಿ ಅರ್ಧ ಚಹಾ ಬಿಟ್ಟು ಎದ್ದೆ.

"ಏ, ನಿನ್ನ ಹೆಣಾ ಎತ್ಲಿ! ಆ ಹಾಲೇನು ನಿಮ್ಮಪ್ಪ ಕಟ್ಟಿದ ಎಮ್ಮೀದೇನ? ಕುಡಿದು ಏಳು!"

ಪಕ್ಕದಲ್ಲಿದ್ದ ಡ್ರೈವರು ಎದ್ದು ನಿಂತು ನನಗೆ ಕೈಮುಗಿದ. "ಟೀಚರ್, ಇವತ್ತಿಗೆ ನೀವು ಮಸ್ಕಿಯವರಾದ್ರಿ ನೋಡ್ರಿ" ಎಂದ. ಅಂದಿನಿಂದ ನಾನು ಅವಳನ್ನು ದೊಡ್ಡವ್ವ ಎಂದು ಕರೆಯತೊಡಗಿದೆ.

ಕುಳ್ಳಗಿನ, ದಪ್ಪ ಹೆಂಗಸು. ಮೊಣಕೈಯವರೆಗೆ ಹಸಿರು ಬಳೆ, ಅದರ ಮೇಲೆ ಕಡಲೆಹಿಟ್ಟು. ಅವಳ ಬಾಯಿಗೆ ದೇವರೂ ಹೊರತಲ್ಲ. ಶನಿವಾರ ಹೋಟೆಲ್ಲಿನ ಪಕ್ಕದ ಹನುಮಪ್ಪನಿಗೆ ಎಣ್ಣೆ ಎರೆಯಲು ಹೋಗಿ, "ನನ್ನ ಬಾಣಲಿಗೆ ಎಣ್ಣಿ ಇಲ್ಲ, ನಿನಗ ಜಳಕ ಬೇಕೇನೋ ಮಂಗ್ಯಾ" ಎಂದು ಗದರಿಸಿ, ಆಮೇಲೆ ತುಂಬಿದ ಬಟ್ಟಲನ್ನೇ ಸುರಿಯುತ್ತಿದ್ದಳು. ಹೈಸ್ಕೂಲು ಹುಡುಗಿಯರು ಬಸ್ಸು ಕಾಯುವ ಹೊತ್ತಿಗೆ ಬಂದು ನಿಂತು ಹಾಡು ಗುನುಗುವ ಒಬ್ಬ ಪ್ಯಾಂಟಿನವನಿದ್ದ. ಒಂದು ಸಂಜೆ ಶಂಕ್ರಮ್ಮ ಸೌಟು ಹಿಡಿದೇ ರಸ್ತೆ ದಾಟಿ ಹೋದಳು. ಅವಳು ಅಂದದ್ದನ್ನು ಬರೆಯುವಂತಿಲ್ಲ. ಆಮೇಲೆ ಅವನು ಊರ ಹೊರಗಿನ ಹಳ್ಳದ ಹತ್ತಿರವೇ ಬಸ್ಸಿಳಿದು, ಹೊಲದ ಬದುವಿನ ಮೇಲೆ ನಡೆದು ಮನೆ ಸೇರುತ್ತಿದ್ದ.

ಅವಳ ಗಂಡ ಚೆನ್ನಬಸಪ್ಪ. ಒಳಗೆ ಕುಳಿತು ಮೆಣಸಿನಕಾಯಿ ಸೀಳುವುದು, ಗ್ಲಾಸು ತೊಳೆಯುವುದು, ಬೀಡಿ ಸೇದುವುದು, ಇಷ್ಟೇ. ಮಕ್ಕಳಿರಲಿಲ್ಲ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಶಂಕ್ರಮ್ಮನ ಬೈಗುಳದ ದೊಡ್ಡ ಪಾಲು ಅವನಿಗೇ ಸಲ್ಲುತ್ತಿತ್ತು. ಬೆಳಿಗ್ಗೆ ಒಲೆ ಹೊತ್ತಿಸುವುದರಿಂದ ಹಿಡಿದು ಸಂಜೆ ಬಾಗಿಲು ಹಾಕುವವರೆಗೆ ಅದು ಮಳೆಯಂತೆ ಬೀಳುತ್ತಿತ್ತು. ಅವನು ತಲೆ ತಗ್ಗಿಸಿ, ಮೀಸೆಯೊಳಗೇ ನಗುತ್ತಿದ್ದ.

ತೊಂಬತ್ತರ ಆಚೀಚೆ, ಭತ್ತದ ಸುಗ್ಗಿ ಮುಗಿದ ಮೇಲೆ, ಸಿಂಧನೂರಿನಿಂದ ಒಂದು ಯಾತ್ರೆಯ ಬಸ್ಸು ಕಾಶಿಗೆ ಹೊರಟಿತು. ಸಾಲಗುಂದದ ಪಂಪಯ್ಯ ಅಯ್ಯನವರು ಅದರ ಮುಂದಾಳು. ಗಡ್ಡ, ಕಾವಿ ಶಲ್ಯ, ಕಾಶಿಗೆ ಮೂರು ಸಲ ಹೋಗಿ ಬಂದ ಠೀವಿ. ಜವಳಗೇರಾದವರು, ಸಾಲಗುಂದದವರು, ಮಸ್ಕಿಯಿಂದ ನಾನು, ಯಾತ್ರೆಗೆಂದೇ ಊರಿನಿಂದ ಬಂದಿದ್ದ ನಮ್ಮವ್ವ, ಶಂಕ್ರಮ್ಮ ಮತ್ತು ಚೆನ್ನಬಸಪ್ಪ. ದಾರಿಯುದ್ದಕ್ಕೂ ಅಯ್ಯನವರು ಭಜನೆ ಹೇಳಿಸುವುದು, ಶಂಕ್ರಮ್ಮ ಬಸ್ಸಿನ ಡ್ರೈವರಿಗೆ ಬೈಯುವುದು ಒಟ್ಟೊಟ್ಟಿಗೆ ನಡೆದವು. ಭಜನೆಗಿಂತ ಬೈಗುಳಕ್ಕೇ ಜನ ಹೆಚ್ಚು ದನಿಗೂಡಿಸಿದರೆಂದು ಅಯ್ಯನವರಿಗೆ ಒಳಗೊಳಗೇ ಉರಿ.

ಕಾಶಿಯಲ್ಲಿ ಎರಡನೆಯ ದಿನ ಸಂಜೆ ಎಲ್ಲರೂ ಒಂದು ದೊಡ್ಡ ದೋಣಿ ಹತ್ತಿದೆವು. ಘಾಟುಗಳನ್ನೆಲ್ಲ ನೀರಿನಿಂದಲೇ ತೋರಿಸಿ ತಿರುಗಿ ತಂದು ಬಿಡುವ ಒಂದು ಸುತ್ತು. ನಾವು ಕಾಲುವೆಯ ನೀರು ಕಂಡ ಜನ, ದೋಣಿ ಕಂಡವರಲ್ಲ. ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ಕೂತರು. ಹುಟ್ಟು ಬಿದ್ದಂತೆ ದಂಡೆ ಹಿಂದೆ ಸರಿಯಿತು. ಆಗ ಊರು ಪೂರ್ತಿ ಕಾಣಿಸಿತು. ನೀರಿನಿಂದ ಆಕಾಶದವರೆಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಯಾವ ಯಾವುದೋ ರಾಜರು ಕಟ್ಟಿಸಿದ ಅರಮನೆಗಳು, ಅವುಗಳ ಕಿಟಕಿಯಲ್ಲಿ ಕೋತಿಗಳು, ಗುಡಿಗಳ ಗಂಟೆ, ಒಣಹಾಕಿದ ಸೀರೆಗಳು. ನಮ್ಮವ್ವ ಗಲ್ಲ ಗಲ್ಲ ಬಡಿದುಕೊಂಡು ಅಳತೊಡಗಿದಳು.

ಶಂಕ್ರಮ್ಮ ಮಾತ್ರ ಕಣ್ಣು ಕಿರಿದು ಮಾಡಿ ದಂಡೆಯನ್ನೇ ನೋಡುತ್ತಿದ್ದಳು. "ಇಷ್ಟು ಮೆಟ್ಲ ಕಟ್ಟಿದ ಹಾಟ್ಯಾಗಳು ಒಂದ್ ಸಂಡಾಸ ಕಟ್ಟಸ್ಲಿಲ್ಲ ನೋಡು" ಎಂದಳು. ಅಯ್ಯನವರು ಶಿವ ಶಿವ ಎಂದರು. ಮುಂದೆ ಹೆಣ ಸುಡುವ ಘಾಟು ಬಂತು. ಎರಡು ಮೂರು ಚಿತೆ ಉರಿಯುತ್ತಿದ್ದವು. ದೋಣಿಯಲ್ಲಿ ಎಲ್ಲರ ಮಾತೂ ನಿಂತಿತು. ಆ ಮೌನದಲ್ಲಿ ಶಂಕ್ರಮ್ಮ, "ಕಟಗಿ ಹಸೀದ ಐತಿ. ಹೊಗಿ ನೋಡು. ಯಾವ ಭಾಡ್ಯಾ ಮಾರ‍್ಯಾನೋ ಇವ್ರಿಗೆ" ಎಂದಳು. ದಿನವೂ ಒಲೆಯ ಮುಂದೆ ಕೂರುವವಳು. ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ದೋಣಿಯನ್ನು ನಡುನೀರಲ್ಲಿ ನಿಲ್ಲಿಸಿ ಅಯ್ಯನವರು ಎಲೆದೊನ್ನೆಯ ದೀಪ ಹಂಚಿದರು. "ಕಾಶೀಗೆ ಬಂದವ್ರು ಒಂದೊಂದು ಬಿಡಬೇಕು. ಬಿಟ್ಟಿದ್ದನ್ನ ಸಾಯೋತನಕ ಮುಟ್ಟಬಾರದು. ಏನ್ ಬಿಡ್ತೀರಿ, ಗಂಗವ್ವನ ಮುಂದ ಹೇಳ್ರಿ."

ಸಾಲಗುಂದದ ಗೌಡರು ಹಾಗಲಕಾಯಿ ಬಿಟ್ಟರು. ಅವರ ಹೆಂಡತಿ ನನ್ನ ಕಿವಿಯಲ್ಲಿ, "ಅವ್ರು ಎಂದೂ ತಿಂದೇ ಇಲ್ಲಬೇ" ಎಂದಳು. ನಮ್ಮವ್ವ ಹಲಸಿನ ಹಣ್ಣು ಬಿಟ್ಟಳು. ನಮ್ಮ ಕಡೆ ಅದು ಕಣ್ಣಿಗೆ ಬೀಳುವುದೇ ಅಪರೂಪ. ಜವಳಗೇರಾದವರೊಬ್ಬರು ಸೇಬು ಬಿಟ್ಟರು.

ಶಂಕ್ರಮ್ಮ ಗೊಳ್ಳೆಂದು ನಕ್ಕಳು. "ಏನ್ರೋ, ನೀವು ದೇವರಿಗೆ ಕೊಡಾಕತ್ತೀರೋ, ದೇವರ ಕಣ್ಣಾಗ ಮಣ್ಣ ಹಾಕಾಕತ್ತೀರೋ?"

ಅಯ್ಯನವರು ಇಷ್ಟಕ್ಕೇ ಕಾದಿದ್ದವರಂತೆ ತಿರುಗಿದರು. "ಹಂಗಾರ ನೀ ಖರೇನ ಹಚ್ಚಿಕೊಂಡಿದ್ದು ಬಿಡು ಶಂಕ್ರಮ್ಮಾ. ಆ ಬೈಗಳ ಬಿಡು. ನಿನ್ನ ಕೈಲಿ ಆಗತೈತೇನು?"

ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಆಗ ಮೂಲೆಯಿಂದ ಒಂದು ದನಿ ಬಂತು. "ಬ್ಯಾಡ."

ಚೆನ್ನಬಸಪ್ಪ. ಊರು ಬಿಟ್ಟ ಮೇಲೆ ಅವನ ದನಿ ಕೇಳಿದ್ದು ಅದೇ ಮೊದಲು. "ಅದನ್ನ ಬಿಡಬ್ಯಾಡ" ಎಂದ ಮತ್ತೊಮ್ಮೆ.

ಅವನು ಸುಮ್ಮನಿದ್ದಿದ್ದರೆ ಶಂಕ್ರಮ್ಮ ಇನ್ನೊಂದು ಚೇಷ್ಟೆ ಮಾಡಿ ದಾಟಿಬಿಡುತ್ತಿದ್ದಳೇನೋ. ಗಂಡ ಬೇಡ ಎಂದದ್ದೇ ಹಟವಾಯಿತು. "ನೀ ಯಾರ್ಲೇ ನನಗ ಬ್ಯಾಡ ಅನ್ನಾಕ?" ಎಂದವಳೇ ಬಗ್ಗಿ ಬೊಗಸೆಯಲ್ಲಿ ನೀರೆತ್ತಿಕೊಂಡಳು. "ಇಕಾ ಗಂಗವ್ವಾ, ಇದ ಕಡೀದು. ಈ ಅಯ್ಯನ ಗಡ್ಡಕ್ಕ ಉರಿ ಹತ್ಲಿ. ಮುಗೀತು. ಬಿಟ್ಟೆ."

ನೀರು ಬಿಟ್ಟಳು. ದೋಣಿ ತಿರುಗಿತು. ದಂಡೆ ಹತ್ತಿರವಾಗುವಾಗ ಎದುರಿನ ದೋಣಿಯೊಂದು ಗುದ್ದಿ ಅವಳ ಹೊಸ ಇಳಕಲ್ ಸೀರೆಯ ಮೇಲೆ ಒಂದು ಕೊಡ ನೀರು ಬಿತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡಿದೆವು. ತುಟಿ ಅದುರಿದವು. ಆಮೇಲೆ, "ಇರ್ಲಿ ಬಿಡ್ರಿ" ಎಂದಳು. ಚೆನ್ನಬಸಪ್ಪ ತಲೆಯೆತ್ತಿ, ಯಾರೋ ಗುರುತಿಲ್ಲದ ಹೆಂಗಸು ಪಕ್ಕದಲ್ಲಿ ಬಂದು ಕೂತಂತೆ ಅವಳನ್ನು ನೋಡಿದ.

ಊರಿಗೆ ಬಂದ ಮೇಲೆ ಮಸ್ಕಿಯ ಬಸ್‌ಸ್ಟ್ಯಾಂಡು ಹಾಳು ಸುರಿಯತೊಡಗಿತು. "ಬರ್ರಿ ಡ್ರೈವರ್ ಸಾಹೇಬ್ರ, ಕುಂದರ್ರಿ, ಚಾ ಕೊಡ್ಲೇನ್ರಿ?" ಎಂದರೆ ಆ ಡ್ರೈವರನ ಗಂಟಲಲ್ಲಿ ಚಹಾ ಇಳಿಯುವುದು ಹೇಗೆ? "ದೊಡ್ಡವ್ವಗ ಆರಾಮ ಇಲ್ಲೇನ್ರಿ?" ಎಂದು ಡ್ರೈವರುಗಳು ನನ್ನನ್ನು ಕೇಳಿದರು. ಕೆಲವರು, ತಾವೇನು ತಪ್ಪು ಮಾಡಿದೆವೆಂದು ತಿಳಿಯದೆ ಮೂರು ಫರ್ಲಾಂಗು ಮುಂದಿನ ಹೋಟೆಲ್ಲಿಗೆ ಗಾಡಿ ಒಯ್ಯತೊಡಗಿದರು. ಮಿರ್ಚಿ ಅದೇ, ಖಾರ ಅದೇ. ಆದರೆ ಏನೋ ಸಪ್ಪೆ. ಹನುಮಪ್ಪನಿಗೆ ಕೂಡ, "ಎಣ್ಣಿ ಹಾಕ್ತೀನ್ರೀ ಹನುಮಪ್ಪನವ್ರ" ಎಂದದ್ದನ್ನು ನಾನೇ ಕೇಳಿದ್ದೇನೆ.

ಚೆನ್ನಬಸಪ್ಪ ತನಗೆ ತಿಳಿದ ಉಪಾಯವನ್ನೆಲ್ಲ ಮಾಡಿದ. ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ. ಬೇಕೆಂದೇ ಗ್ಲಾಸು ಒಡೆದ. ಕಡೆಗೊಂದು ದಿನ ಹಾಲಿನ ಪಾತ್ರೆಯನ್ನೇ ಉರುಳಿಸಿದ. ಆ ಸಂಜೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಕಣ್ಣಲ್ಲಿ ನೀರು.

"ಏನಾತು ದೊಡ್ಡಪ್ಪಾ?"

"ಟೀಚರ್, ಆಕಿ ನನಗ... ನನಗ 'ಇರ್ಲಿ ಬಿಡ್ರೀ' ಅಂದ್ಲು. ರೀ ಅಂದ್ಲು." ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹೊರಗಿನ ಮಂದಿಗೆ ಅನ್ನಂಗ ಅಂದ್ಲು."

ಅದಾದ ಕೆಲವು ದಿನಕ್ಕೆ ಚೆನ್ನಬಸಪ್ಪ ಕಾಣೆಯಾದ. ಒಬ್ಬ ಕಂಡಕ್ಟರನ ಹತ್ತಿರ, "ಒಂದ್ ಕೆಲಸ ಐತಿ, ಬರ್ತೀನಿ ಅಂತ ಮನ್ಯಾಗ ಹೇಳು" ಎಂದವನೇ ರಾಯಚೂರಿನ ಬಸ್ಸು ಹತ್ತಿದ್ದನಂತೆ. ಒಬ್ಬನೇ ಲಿಂಗಸುಗೂರಿನ ಸಂತೆಗೂ ಹೋಗಿ ಬಂದವನಲ್ಲ. ದಿನ ಕಳೆದವು, ವಾರ ಕಳೆಯಿತು. ಶಂಕ್ರಮ್ಮ ಒಲೆ ಹೊತ್ತಿಸುವುದನ್ನು ಬಿಟ್ಟಳು. ಆ ಕಡೆಯ ಬಸ್ಸು, ಈ ಕಡೆಯ ಬಸ್ಸು, ಯಾವುದು ನಿಂತರೂ ಬಾಗಿಲ ಹತ್ತಿರ ಓಡಿ, "ನಮ್ಮವ್ರು ಬಂದಾರೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅವಳ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದೆ. "ನಾ ಏನರ ಅಂದಿದ್ರ ಸಿಟ್ಟಾಗಿ ಹೋಗ್ಯಾನ ಅನ್ನಬಹುದಿತ್ತು" ಎಂದಳು ಒಮ್ಮೆ. "ಏನೂ ಅಂದೇ ಇಲ್ಲಲ್ಲಬೇ."

ಎರಡು ವಾರವಾದ ಮೇಲೆ ಒಂದು ಇಳಿಹೊತ್ತು, ಬಸ್ಸಿನಿಂದ ಚೆನ್ನಬಸಪ್ಪ ಇಳಿದ. ಗಡ್ಡ ಬೆಳೆದಿತ್ತು, ಧೋತರ ಮಣ್ಣುಬಣ್ಣಕ್ಕೆ ತಿರುಗಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಕೈಯಲ್ಲಿ, ಕಾಶಿಯಿಂದ ಗಂಗೆ ತುಂಬಿ ತರುವಂಥ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ. ಬಸ್‌ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿದ್ದ ಹಾಗೆ ನೆಟ್ಟಗೆ ಅವಳ ಮುಂದೆ ಬಂದು ಅದನ್ನು ಚಾಚಿದ.

"ಹಿಡಿ. ಇಸ್ಕೊಂಡ ಬಂದೀನಿ."

"ಏನು?"

"ನೀ ಬಿಟ್ಟಿದ್ದು."

ಶಂಕ್ರಮ್ಮ ಗಿಂಡಿ ನೋಡಿದಳು. ಅವನ ಬರಿಗಾಲು ನೋಡಿದಳು. ಆಮೇಲೆ ಅವಳ ಎದೆ ಒಮ್ಮೆ ಮೇಲೆದ್ದಿತು.

"ಎಲ್ಲಿ ಸಾಯಾಕ ಹೋಗಿದ್ದೆಲೇ ಖೋಡೀ! ನಿನ್ನ ಬಾಯಾಗ ಮಣ್ಣ ಬೀಳ, ನಿನ್ನ ಕಾಲ ಮುರೀಲಿ, ಹೇಳದ ಕೇಳದ ಕಾಶೀಗೆ ಹೋಗ್ತೀಯೇನೋ ಹುಚ್ಚಪ್ಯಾಲೀ, ಯಾವನಾರ ನಿನ್ನ ಗಂಗ್ಯಾಗ ನೂಕಿದ್ರ ನಾ ಯಾರಿಗೆ ಬೈಲಿ..."

ಆಮೇಲಿನದು ಯಾರಿಗೂ ಪೂರ್ತಿ ಕೇಳಿಸಲಿಲ್ಲ. ನಿಂತಿದ್ದ ಬಸ್ಸಿನ ಡ್ರೈವರು ಹಾರನ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಅವಳು ಬೈಯುತ್ತಲೇ ಅವನ ಕೈ ಹಿಡಿದು ಒಳಗೆ ಎಳೆದೊಯ್ದು, ಬೈಯುತ್ತಲೇ ಬಿಸಿನೀರು ಕಾಯಿಸಿ ಅವನ ಕಾಲ ಮೇಲೆ ಹಾಕಿದಳು.

ಚೆನ್ನಬಸಪ್ಪ ನನಗೆ ಆಮೇಲೆ ಹೇಳಿದ. ಸಂಜೆ ಅದೇ ಘಾಟಿನಲ್ಲಿ, ಗುರುತಿಲ್ಲದ ಯಾತ್ರಿಕರ ದೋಣಿಯಲ್ಲಿ ಒಂದು ಮೂಲೆಗೆ ಕುಳಿತನಂತೆ. ಎಲ್ಲರೂ ದೀಪ ಬಿಡುವಾಗ ಇವನು ನೀರಿಗೆ ಬಗ್ಗಿದ. "ಯವ್ವಾ, ನಮ್ಮ ಮನ್ಯಾಕಿ ಕೊಟ್ಟಿದ್ದು ತಿರುಗಿ ಕೊಡು ಅಂದೆ. ಅವು ಕನ್ನಡ ಬೈಗಳ, ನಿನಗ ತಿಳಿಯಂಗಿಲ್ಲ, ಇಲ್ಲಿ ಯಾರಿಗೂ ಉಪಯೋಗಿಲ್ಲ ಅಂದೆ. ಬದ್ಲಿ ನನ್ನ ಬೀಡಿ ಇಟಗೋ ಅಂದೆ."

ಬೀಡಿಯನ್ನು ಅವನು ನಿಜಕ್ಕೂ ಮತ್ತೆ ಮುಟ್ಟಲಿಲ್ಲ.

ಗಿಂಡಿ ಒಡೆಯುವ ಮೊದಲೇ ಬೈದದ್ದರಿಂದ ವ್ರತಭಂಗವಾಯಿತೆಂದು ಪಂಪಯ್ಯ ಅಯ್ಯನವರು ಸಾಲಗುಂದದಿಂದ ಹೇಳಿ ಕಳಿಸಿದರು. ಗಿಂಡಿ ಊರಿಗೆ ಬಂದ ಕೂಡಲೇ ಬೈಯುವ ಹಕ್ಕೂ ತಿರುಗಿ ಬಂತೆಂದು ಡ್ರೈವರುಗಳು ವಾದಿಸಿದರು. ಶಂಕ್ರಮ್ಮ ಅಯ್ಯನವರಿಗೆ ಏನು ಹೇಳಿ ಕಳಿಸಿದಳೆಂಬುದನ್ನೂ ಬರೆಯುವಂತಿಲ್ಲ.

ಕೆಲವು ವರ್ಷದ ಮೇಲೆ ನನಗೆ ಸಿಂಧನೂರಿಗೆ ವರ್ಗವಾಯಿತು. ಆ ದಾರಿಯಲ್ಲಿ ಹೋಗುವಾಗೆಲ್ಲ ಮಸ್ಕಿಯಲ್ಲಿ ಇಳಿದು ಬೈಸಿಕೊಂಡು ಹೋಗುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಬೆಳಿಗ್ಗೆ ಕಂಡಕ್ಟರೊಬ್ಬರು ನಮ್ಮ ಶಾಲೆಗೇ ಬಂದು ಸುದ್ದಿ ಹೇಳಿದರು. ಹಿಂದಿನ ದಿನ ಹಿಟ್ಟು ಕಲಸುತ್ತಿದ್ದವಳು ಹಾಗೇ ಗೋಡೆಗೆ ಒರಗಿದ್ದಳಂತೆ. ನಾನು ಮಸ್ಕಿ ಮುಟ್ಟುವ ಹೊತ್ತಿಗೆ ಮಣ್ಣು ಆಗಿಹೋಗಿತ್ತು.

ಚೆನ್ನಬಸಪ್ಪ ಒಲೆಯ ಮುಂದೆ ಅವಳ ಮಣೆಯ ಮೇಲೆ ಕುಳಿತಿದ್ದ. ಬಂದವರನ್ನು ಬರಿಗಂಟಲಲ್ಲಿ ಕಳಿಸಬಾರದೆಂದು ತಾನೇ ಚಹಾ ಕಾಯಿಸುತ್ತಿದ್ದ. ನನಗೊಂದು ಗ್ಲಾಸು ಕೊಟ್ಟ. ಚಹಾಪುಡಿ ಹೆಚ್ಚು ಕುದಿದು ಕಹಿಯಾಗಿತ್ತು, ಸಕ್ಕರೆ ಮರೆತಿದ್ದ.

"ಹೆಂಗಾಗೇತಿ ಟೀಚರ್?"

"ಚೊಲೋ ಆಗೇತಿ ದೊಡ್ಡಪ್ಪಾ."

ಅವನು ತಾನೂ ಒಂದು ಗುಟುಕು ಕುಡಿದು ನೋಡಿದ. ನನ್ನ ಮುಖ ನೋಡಿದ.

"ಹಿಂಗ ಎಲ್ಲಾರೂ ಸುಳ್ಳು ಹೇಳಿದ್ರ ನಾ ಯಾವಾಗ ಕಲೀಬೇಕ್ರಿ?" ಎಂದ.

ನನ್ನ ಕೈಯಿಂದ ಗ್ಲಾಸು ಇಸಿದುಕೊಂಡು ಎರಡನ್ನೂ ಹೊರಗೆ ಚೆಲ್ಲಿದ. ಪಾತ್ರೆ ತೊಳೆದು ಮತ್ತೆ ನೀರಿಟ್ಟ. ಹೊರಗೆ ಸಿಂಧನೂರಿನ ಬಸ್ಸು ಬಂದು ನಿಂತು ಹಾರನ್ನು ಮಾಡುತ್ತಿತ್ತು. ನಾನು ಏಳಲಿಲ್ಲ. ಅದು ಹೋಯಿತು. ನೀರು ಕುದಿಯುವವರೆಗೂ ನಾವಿಬ್ಬರೂ ಒಲೆಯನ್ನೇ ನೋಡುತ್ತ ಕೂತೆವು.