ಭಾವನನ್ನು ಮೀರಿಸುವ ಸೈರನ್

ಗಾಡಿಗಳಿಗೆ ಸೈರನ್ ಕೂರಿಸುವುದರಲ್ಲಿ ಅಕ್ಕನದು ಪಳಗಿದ ಕೈ. ಅವಳ ಗಂಡ ಬೆಂಕಿ ಆರಿಸುವ ಗಾಡಿ ಓಡಿಸಿದರೆ, ತಮ್ಮ ಆಂಬುಲೆನ್ಸ್ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ತಮ್ಮ ಇನ್ನೂರು ವಾಟಿನ ಸೈರನ್ ಪೆಟ್ಟಿಗೆ ಹೊತ್ತುಕೊಂಡು ಅವಳ ಶೆಡ್ಡಿಗೆ ಬಂದ.

"ಅಕ್ಕಾ, ಇದನ್ನ ಹಾಕಿಕೊಡು. ಭಾವನ ಗಾಡಿ ಮುಂದೆ ನನ್ನದು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸುತ್ತೆ."

"ನಿನ್ನ ಸ್ಪೀಕರ್ ನೂರು ವಾಟಿಂದು ಕಣೋ. ಇದರ ಹೊಡೆತಕ್ಕೆ ಅದು ಸುಟ್ಟುಹೋದ್ರೆ ರೋಗೀನ ಮಲಗಿಸಿಕೊಂಡು ನಡುರಸ್ತೇಲಿ ಮೂಗನ ಹಾಗೆ ನಿಲ್ತೀಯ."

"ತಮ್ಮನಿಗಿಂತ ಗಂಡನೇ ಹೆಚ್ಚಾದ, ಅಲ್ವಾ?"

ಅಕ್ಕ ಅವನನ್ನು ಟೀ ಕುಡಿಯಲು ಕಳಿಸಿ ಸ್ಪೀಕರ್ ಬಿಚ್ಚಿದಳು. ಅದರ ಬಾಯಿ ತುಂಬ ಕಣಜ ಕಟ್ಟಿದ ಮಣ್ಣಿನ ಗೂಡು! ಎಲ್ಲ ಕೆರೆದು ತೆಗೆದು, ಸೀಟಿನಡಿ ಇದ್ದ ಹಳೆ ಪೆಟ್ಟಿಗೆಗೇ ತಂತಿ ಸಿಕ್ಕಿಸಿದಳು. ಹೊಸದನ್ನು ಗೋಣಿಚೀಲದಲ್ಲಿ ಸುತ್ತಿಟ್ಟಳು.

ತಮ್ಮ ಬಂದು ಗುಂಡಿ ಒತ್ತಿದ. ಶೆಡ್ಡಿನ ತಗಡು ಗಡಗಡ ನಡುಗಿತು.

"ನೋಡಿದ್ಯಾ? ಇನ್ನೂರು ಅಂದ್ರೆ ಇದು! ಆ ಹಳೇ ಡಬ್ಬಾನ ಭಾವನಿಗೇ ಕೊಟ್ಟುಬಿಡು, ಪಾಪ."

"ಚೀಲದಲ್ಲಿ ಕಟ್ಟಿಟ್ಟಿದ್ದೀನಿ, ಕೊಡ್ತೀನಿ ಬಿಡಪ್ಪ," ಅಂದಳು ಅಕ್ಕ, ನಗು ನುಂಗಿಕೊಂಡು.

ಗಂಡನ ಗಾಡಿಯಲ್ಲಿ ನೂರು ನೂರು ವಾಟಿನ ಎರಡು ಸ್ಪೀಕರ್ ಇದ್ದವು. ಹೊಸ ಪೆಟ್ಟಿಗೆ ಅವಕ್ಕೆ ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡಿತು.