ದೀಕ್ಷೆ ಅವರಿಗೆ, ಸ್ನಾನ ನಮಗೆ

ನನ್ನ ಎಂಟು ತಿಂಗಳ ಮೊಮ್ಮಗಳಿಗೆ ಸ್ನಾನ ಮಾಡಿಸಲು ನನಗೆ ಅಪ್ಪಣೆಯಿಲ್ಲ. ಎತ್ತಿಕೊಳ್ಳಬಹುದು, ಆಡಿಸಬಹುದು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಉಚ್ಚೆ ಹೊಯ್ಯಿಸಿಕೊಳ್ಳಬಹುದು. ಅದಕ್ಕೆಲ್ಲ ಮಗಳ ಪೂರ್ಣ ಸಮ್ಮತಿಯಿದೆ. ನಾನು ತಂಬಿಗೆ ಮುಟ್ಟಿದರೆ ಮಾತ್ರ ಅವಳ ಜೀವ ಹಾರಿಹೋಗುತ್ತದೆ. ಕೂಸಿನ ಕಿವಿಯಲ್ಲಿ ನೀರು ಬಿಟ್ಟವನಲ್ಲ, ಸುಡುವ ನೀರು ಸುರಿದವನೂ ಅಲ್ಲ. ನನ್ನ ತಪ್ಪು ಒಂದೇ, ನಾನು ಹಳೆಯ ಸಭೆಯವನು.

ಹುನಗುಂದದಲ್ಲಿ ನಮ್ಮದೊಂದು ಸಣ್ಣ ಚರ್ಚು, ಲೂಥರನ್ ರೀತಿಯ ಆರಾಧನೆ. ಕೂಸು ಹುಟ್ಟಿ ಕೆಲವು ವಾರಗಳಲ್ಲೇ ತಲೆಯ ಮೇಲೆ ಮೂರು ಸಲ ನೀರು ಹಾಕಿ ದೀಕ್ಷಾಸ್ನಾನ ಕೊಡಿಸುವವರು ನಾವು. ಮಗಳು ಕೃಪಾ ಮದುವೆಯಾಗಿ ಇಳಕಲ್ಲಿಗೆ ಹೋದಳು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಇವ್ಯಾಂಜೆಲಿಕಲ್ ಪಂಥದ ಹೊಸ ಸಭೆ ಸೇರಿದರು. ಅವರ ಪ್ರಕಾರ ನಂಬಿಕೆಯನ್ನು ಬಾಯಿಬಿಟ್ಟು ಹೇಳಬಲ್ಲವರಿಗೇ ದೀಕ್ಷಾಸ್ನಾನ, ಅದೂ ಹೊಳೆಯಲ್ಲಿ ಪೂರ್ತಿ ಮುಳುಗಿಸಿ. ಕೂಸಿಗೆ ಬರೀ ಪ್ರಾರ್ಥನೆ. ಅಣೆಕಟ್ಟಿನ ನೀರಲ್ಲಿ ಅರ್ಧ ಬಾಗಲಕೋಟೆಯೇ ಮುಳುಗಡೆಯಾದ ಜಿಲ್ಲೆ ನಮ್ಮದು, ಮುಳುಗುವುದರಿಂದ ಮೋಕ್ಷ ಸಿಗುವುದಾದರೆ ನಮಗಿಂತ ಪುಣ್ಯವಂತರು ಯಾರಿದ್ದಾರೆ ಎಂದು ಅಳಿಯನಿಗೆ ಹೇಳಿದೆ. ಅವನು ನಗಲಿಲ್ಲ. ಹೊಸ ಸಭೆಯವರು ಬೇರೆಲ್ಲದರಲ್ಲೂ ಒಳ್ಳೆಯವರು.

ಬದುಕಿನುದ್ದಕ್ಕೂ ಕನ್ನಡ ವ್ಯಾಕರಣ ಕಲಿಸಿದ ಮಾಸ್ತರ ನಾನು. ದುಃಖವಾದರೂ ಮೊದಲು ಸಮಾಸ ಬಿಡಿಸುತ್ತೇನೆ. ದೀಕ್ಷಾಸ್ನಾನ ಎಂಬ ಪದದೊಳಗೇ ಈ ಜಗಳ ಕೂತಿದೆ ನೋಡಿ. ದೀಕ್ಷೆ ಬೇಕಾದವನು ತಾನಾಗಿ ಬಂದು ನಿಲ್ಲಬೇಕು. ಸ್ನಾನ ಹಾಗಲ್ಲ. ಎರೆದುಕೊಳ್ಳುತ್ತೀಯಾ ಎಂದು ಕೂಸನ್ನು ಯಾವ ತಾಯಿಯೂ ಕೇಳುವುದಿಲ್ಲ, ಕಾಲಮೇಲೆ ಮಲಗಿಸಿ ಎರೆಯುತ್ತಾಳೆ, ಅದು ಅಳುತ್ತದೆ, ಚೊಕ್ಕಟವಾಗುತ್ತದೆ. ಇವೆರಡನ್ನೂ ಅಂಟಿಸಿ ಒಂದೇ ಪದ ಮಾಡಿದ ಪುಣ್ಯಾತ್ಮ ಯಾರೋ, ಹೊಸ ಸಭೆಯವರಿಗೆ ಮೊದಲ ತುಂಡು ಕೊಟ್ಟ, ನಮಗೆ ಕೊನೆಯದು. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ, ಅಂದಮೇಲೆ ವ್ಯಾಕರಣ ನಮ್ಮ ಕಡೆಗಿದೆ ಎಂದು ಹಿಗ್ಗಿ ಮಗಳಿಗೆ ಫೋನು ಮಾಡಿದೆ. ‘ಅಪ್ಪಾ, ಒಲಿಮ್ಯಾಲೆ ಹಾಲ ಇಟ್ಟೇನಿ’ ಎಂದು ಫೋನು ಇಟ್ಟುಬಿಟ್ಟಳು.

ಪಕ್ಕದ ಮನೆಯ ಸಂಗಪ್ಪ ಮಾಸ್ತರು ಬಸವಣ್ಣನ ಭಕ್ತರು, ನನ್ನ ಹಳೆಯ ಸಹೋದ್ಯೋಗಿ. ಅವರ ಮುಂದೆ ಹೊಟ್ಟೆಯುರಿ ತೋಡಿಕೊಂಡೆ.

‘ನಮ್ಮಾಗ ಕೂಸಿಗೆ ಲಿಂಗಾ ಕಟ್ಟೂ ಮುಂದ ಅದರ ಒಪ್ಪಿಗಿ ಕೇಳೂದಿಲ್ಲರಿ. ದೀಕ್ಷಾ ಅಂತ ಮುಂದ ದೊಡ್ಡದಾದ ಮ್ಯಾಲೆ ಬ್ಯಾರೆ ಆಗತೈತಿ. ನೀವು ಎರಡೂ ಒಂದ ದಿನಾ ಮುಗಸಾಕ ಹೋಗಿ ಸಿಕ್ಕೊಂಡೀರಿ’ ಅಂದರು.

‘ನಮ್ಮಾಗೂ ದೊಡ್ಡವರಾದ ಮ್ಯಾಲೆ ತಾವ ಬಾಯಿಬಿಟ್ಟು ನಂಬಿಕಿ ಹೇಳೂ ದೃಢೀಕರಣ ಅಂತ ಐತ್ರಿ.’

‘ಹಂಗಾರ ಜಗಳ ಯಾಕ್ರಿ?’

ಪಂಡಿತರ ಜಗಳವನ್ನು ಪಕ್ಕದ ಮನೆಯವರಿಗೆ ಹೇಳಲೇಬಾರದು, ಅವರು ಹೀಗೆ ಸರಳ ಮಾಡಿ ನಮ್ಮನ್ನು ನಿರುದ್ಯೋಗಿಗಳನ್ನಾಗಿ ಮಾಡುತ್ತಾರೆ.

ಆದರೆ ನನ್ನ ಸಂಕಟ ಪಂಡಿತರದಲ್ಲ. ಮೂವತ್ತು ವರ್ಷದ ಹಿಂದೆ ಕೃಪಾ ಹುಟ್ಟಿದ್ದು ಬಾಗಲಕೋಟೆಯ ದವಾಖಾನೆಯಲ್ಲಿ, ದಿನ ತುಂಬುವ ಮೊದಲೇ. ಅಂಗೈಯಲ್ಲಿ ಹಿಡಿಯುವಷ್ಟಿತ್ತು ಕೂಸು, ಮೈ ನೀಲಿಗಟ್ಟಿತ್ತು. ‘ಸಂಜೀತನಕ ನೋಡೂಣ್ರಿ’ ಅಂದರು ಡಾಕ್ಟರು. ಪಾದ್ರಿಗಳು ಬದಾಮಿಯಿಂದ ಬರಬೇಕು, ಬಸ್ಸು ಸಿಕ್ಕಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಯಾವ ವಿಶ್ವಾಸಿಯಾದರೂ ದೀಕ್ಷಾಸ್ನಾನ ಕೊಡಬಹುದೆಂದು ನಮ್ಮಲ್ಲಿ ಪದ್ಧತಿಯುಂಟು. ನರ್ಸಮ್ಮನ ಹತ್ತಿರ ಒಂದು ಸ್ಟೀಲಿನ ಲೋಟ ನೀರು ಬೇಡಿದೆ. ಬೆರಳದ್ದಿ ಮೂರು ಸಲ ಹಣೆಗೆ ಮುಟ್ಟಿಸಿ ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿದೆ. ಕೂಸಿನ ಹೆಸರು ನಿಶ್ಚಯವಾಗಿರಲಿಲ್ಲ, ಬಾಯಿಗೆ ಕೃಪಾ ಎಂದು ಬಂತು. ಸಂಜೆ ದಾಟಿತು, ವಾರ ದಾಟಿತು. ಬದುಕಿಸಿದ್ದು ಡಾಕ್ಟರೇ, ಒಪ್ಪುತ್ತೇನೆ. ಆದರೂ ನನ್ನ ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅದು ಎಂದು ನಂಬಿಕೊಂಡೇ ಮುದುಕನಾದೆ.

ಈ ಬೇಸಿಗೆಯಲ್ಲಿ ಕೃಪಾ ಬಂದು, ತಾನು ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಅಂದಳು. ಮತ್ತೆ ಎಂಬ ಪದ ಬಳಸಿದ್ದು ನಾನು, ಅವಳು ಅದನ್ನೂ ತಿದ್ದಿದಳು. ಇದೇ ಮೊದಲನೆಯದಂತೆ.

‘ಅವತ್ತ ನಾ ಮಾಡಿದ್ದೇನವ್ವಾ ಹಂಗಾರ?’

‘ಅದು ನಿನ್ನ ಅಂಜಿಕಿ ಅಪ್ಪಾ. ನನ್ನ ನಂಬಿಕಿ ಅಲ್ಲ.’

ಆ ಮಾತಿನಲ್ಲಿ ತಪ್ಪು ಹುಡುಕಿ ಹುಡುಕಿ ಸೋತಿದ್ದೇನೆ. ಖರೇನೇ ಅಂಜಿದ್ದೆ. ಅಂಜಿಕೆಯಲ್ಲಿ ದೇವರ ಹೆಸರು ಹೇಳಿದರೆ ಅದು ಲೆಕ್ಕಕ್ಕಿಲ್ಲವೆಂದರೆ, ನಾನು ಹೇಳಿದ ಪ್ರಾರ್ಥನೆಗಳಲ್ಲಿ ಎಷ್ಟು ಉಳಿದಾವು?

ಅದೇ ವಾರ ತಂಬಿಗೆಯ ಪ್ರಕರಣ ನಡೆಯಿತು. ಕೂಸನ್ನು ಕಾಲಮೇಲೆ ಹಾಕಿಕೊಂಡು ಎರೆಯುತ್ತಿದ್ದೆ. ಮಾಸ್ತರಿಕೆಯ ಚಟ, ಬಾಯಿ ಸುಮ್ಮನಿರದೆ ‘ಒಂದ... ಎರಡ...’ ಎಂದು ತಂಬಿಗೆ ಎಣಿಸುತ್ತಿತ್ತು. ಕೃಪಾ ಅಡುಗೆಮನೆಯಿಂದ ಹಾರಿಬಂದಳು. ‘ಮೂರನೇದು ಹಾಕಬ್ಯಾಡ!’

‘ಹುಚ್ಚಿ, ನಾ ತಂಬಿಗಿ ಎಣಸಾಕತ್ತೇನಿ.’

‘ನೀ ಮೂರ ಅಂದ್ರ ಏನಂತ ನನಗ ಗೊತ್ತೈತಿ.’

ತಂಬಿಗೆ ಕಸಿದುಕೊಂಡು ಉಳಿದ ಸ್ನಾನ ತಾನೇ ಮಾಡಿಸಿದಳು. ಬರೀ ಎಣಿಸುತ್ತಿದ್ದೆ ಎಂದು ನನ್ನ ಹೆಂಡತಿಗೆ ಆಣೆಯಿಟ್ಟು ಹೇಳಿದೆ. ನಿಮಗೆ ಹೇಳುತ್ತೇನೆ, ಮೂರನೆಯ ತಂಬಿಗೆಯ ಹೊತ್ತಿಗೆ ಬಾಯಿಗೆ ಏನು ಬರುತ್ತಿತ್ತೋ ನನಗೂ ಗೊತ್ತಿರಲಿಲ್ಲ.

ಅವಳ ದೀಕ್ಷಾಸ್ನಾನ ಒಂದು ಭಾನುವಾರ, ಕೂಡಲಸಂಗಮದ ಈಚೆ ಹೊಳೆಯಲ್ಲಿ. ಅಳಿಯ ಹೋದ, ಹೆತ್ತ ಕರುಳು ಎಂದು ನನ್ನ ಹೆಂಡತಿಯೂ ಹೋದಳು. ನಾನು ಬರುವುದಿಲ್ಲ ಅಂದೆ. ಕೂಸು ನನ್ನ ಹತ್ತಿರ ಉಳಿಯಿತು. ಬಿಸಿಲೇರುವ ಹೊತ್ತಿಗೆ ಅದರ ಮೈ ಕಾದ ಹಂಚಿನ ಹಾಗೆ ಸುಡತೊಡಗಿತು. ಕಣ್ಣು ಮೇಲೆ ಮಾಡಿತು. ಔಷಧದ ಹನಿ ಹಾಕಿದೆ, ಇಳಿಯಲಿಲ್ಲ. ಸಂಗಪ್ಪ ಮಾಸ್ತರು ಆಟೊ ತರಲು ಓಡಿದರು. ನಾನು ಫೋನು ಹಚ್ಚಿದೆ. ಆಚೆ ಕಡೆ ಹಾಡು ಕೇಳುತ್ತಿತ್ತು, ಕೃಪಾ ದೀಕ್ಷಾಸ್ನಾನದ ಸಾಲಿನಲ್ಲಿ ನಿಂತಿದ್ದಳು.

‘ತಣ್ಣೀರ ಪಟ್ಟಿ ಹಾಕ್ಲೇನವ್ವಾ?’

ಇಷ್ಟು ವರ್ಷ ಬದುಕಿ, ಸುಡುವ ಕೂಸಿನ ಹಣೆಗೆ ನೀರು ಮುಟ್ಟಿಸಲು ಅಪ್ಪಣೆ ಕೇಳಿದೆ.

‘ಹಾಕು ಅಪ್ಪಾ, ಜಲ್ದಿ ಹಾಕು, ನಾವು ಬಂದ್ವಿ’ ಅಂದಳು. ಆಮೇಲೆ ಅಳುತ್ತಲೇ, ‘ಆದ್ರ ಬಾಯಿ ತಗೀಬ್ಯಾಡ.’

ಬರೀ ನೀರು ದೀಕ್ಷಾಸ್ನಾನವಲ್ಲ, ನೀರಿನೊಂದಿಗೆ ದೇವರ ವಾಕ್ಯ ಕೂಡಬೇಕು ಎಂದು ಭಾನುವಾರದ ಶಾಲೆಯಲ್ಲಿ ಅವಳಿಗೆ ಕಲಿಸಿದವನು ನಾನೇ. ಪಾಠ ಚೆನ್ನಾಗಿ ನೆನಪಿಟ್ಟುಕೊಂಡಿದ್ದಳು.

ಪಟ್ಟಿ ಹಾಕಿದೆ. ತೆಗೆದು, ಅದ್ದಿ, ಮತ್ತೆ ಹಾಕಿದೆ. ಕೂಸು ನನ್ನ ಮುಖ ನೋಡುತ್ತ ನರಳುತ್ತಿತ್ತು. ಅಳಬ್ಯಾಡವ್ವಾ ಎಂದು ಸಹ ಅನ್ನಲಿಲ್ಲ, ಒಂದು ಮಾತು ಹೊರಬಿದ್ದರೆ ಹಿಂದಿನಿಂದ ಉಳಿದವೂ ಬಿದ್ದಾವೆಂದು ಹಲ್ಲು ಕಚ್ಚಿ ಕೂತೆ. ಅಷ್ಟು ಅಂಜಿಕೆ ದವಾಖಾನೆಯಲ್ಲೂ ಆಗಿರಲಿಲ್ಲ.

ಆಟೊ ಬರುವಷ್ಟರಲ್ಲಿ ಜ್ವರ ಇಳಿಯುತ್ತ ಬಂತು. ಡಾಕ್ಟರು ನೋಡಿ ಹೆದರಬೇಡಿ ಅಂದರು. ಮನೆಗೆ ಬಂದಾಗ ಕೃಪಾ ಒದ್ದೆ ಕೂದಲಲ್ಲಿ ಬಾಗಿಲಲ್ಲೇ ನಿಂತಿದ್ದಳು. ಸಭೆಯವರು ಅವಳನ್ನೇ ಮೊದಲು ಮುಳುಗಿಸಿ ಕಳಿಸಿದ್ದರಂತೆ. ಕೂಸನ್ನು ಕಸಿದು ಎದೆಗವುಚಿಕೊಂಡಳು. ಹಣೆ ಮುಟ್ಟಿದಳು. ಅಲ್ಲಿನ್ನೂ ನೀರಿನ ಪಸೆಯಿತ್ತು.

‘ಏನರ ಅಂದಿ ಏನಪ್ಪಾ?’

‘ಇಲ್ಲವ್ವಾ.’

‘ಖರೇನ?’

‘ಖರೇನ.’

ನಂಬಿದಳು. ನನ್ನ ಮಗಳು ನನ್ನ ಮಾತನ್ನು ಎಂದೂ ಅನುಮಾನಿಸಿದವಳಲ್ಲ. ಸುಳ್ಳು ಹೇಳಿದ್ದರೂ ನಂಬುತ್ತಿದ್ದಳು. ಅದಕ್ಕೇ ಈಗ ಕೂತಲ್ಲಿ ನಿಂತಲ್ಲಿ ಕೊರಗುತ್ತೇನೆ, ಸುಳ್ಳು ಹೇಳಬೇಕಾಗುವಂಥದ್ದೊಂದನ್ನು ಆ ದಿನ ನಾನು ಮಾಡಿಬಿಡಬೇಕಿತ್ತು.